ಬೆಳೆಯುವ ಮನೆಗಳನ್ನು ಕೆಡವಬೇಕೆ?

ಬೆಂಗಳೂರಿನ ಕೊಳೆಗೇರಿಯ ಮನೆ ಒಮ್ಮೆಗೇ ಎದ್ದು ನಿಂತದ್ದಲ್ಲ. ಮೊದಲು ಟಾರ್ಪಾಲು, ಆಮೇಲೆ ಶೀಟು. ಚೀಟಿ ಹಣ ಕೈಸೇರಿದ ವರ್ಷ ಗೋಡೆ. ಮಗನ ಮದುವೆಯ ಹೊತ್ತಿಗೆ ತಾರಸಿ, ಅದರ ಮೇಲೊಂದು ಬಾಡಿಗೆ ಕೋಣೆ. ಊರಿಗೆಲ್ಲ ಮನೆ ಕಟ್ಟಿಕೊಡುವ ಗಾರೆ ಕೆಲಸದವರು ಭಾನುವಾರಗಳಲ್ಲಿ ತಮಗಾಗಿ ಕಟ್ಟಿಕೊಂಡ ಮನೆಗಳಿವು. ದಶಕಗಳ ಈ ಹೂಡಿಕೆಯನ್ನು ನಮ್ಮ ಯೋಜನೆಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಭಿವೃದ್ಧಿಯೆಂದರೆ ಎಲ್ಲವನ್ನೂ ಕೆಡವಿ ಬಹುಮಹಡಿ ಸಮುಚ್ಚಯ ಎಬ್ಬಿಸುವುದು ಎಂದಷ್ಟೇ ಅವು ಬಲ್ಲವು.

ಮಹಡಿ ಮನೆಯಲ್ಲಿ ಶೌಚಾಲಯವಿದೆ, ಮಳೆಯ ಭಯವಿಲ್ಲ, ಒಪ್ಪುತ್ತೇನೆ. ಆದರೆ ಮೂರನೆಯ ಮಹಡಿಯಲ್ಲಿ ಇಡ್ಲಿ ಮಾರುವಾಕೆಯ ಒಲೆಗೆ, ತಳ್ಳುಗಾಡಿಗೆ ಜಾಗವೆಲ್ಲಿ? ಕುಟುಂಬ ಬೆಳೆದರೆ ಅಲ್ಲಿ ಗೋಡೆ ಸರಿಯುವುದಿಲ್ಲ. ನೀರಿನ ಮೋಟಾರು ಕೆಟ್ಟರೆ ಹೊಣೆ ಯಾರದೆಂದು ಉದ್ಘಾಟನೆಯ ಕಲ್ಲಿನಲ್ಲಿ ಬರೆದಿರುವುದೂ ಇಲ್ಲ.

ಇನ್ನು ಗಟ್ಟಿತನದ ಮಾತು. ಈಜಿಪುರದಲ್ಲಿ ಬಡವರಿಗೆಂದು ಸರ್ಕಾರಿ ವ್ಯವಸ್ಥೆಯೇ ಕಟ್ಟಿಸಿದ್ದ ವಸತಿ ಸಮುಚ್ಚಯದ ಕಟ್ಟಡವೊಂದು 2007ರಲ್ಲಿ ಕುಸಿಯಿತು. ಉಳಿದವನ್ನೂ ಕೆಡವಲಾಯಿತು. ನಿವಾಸಿಗಳು ಅಲ್ಲೇ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. ಜಾಗದ ಒಂದು ಭಾಗವನ್ನು ವಾಣಿಜ್ಯ ಸಂಕೀರ್ಣಕ್ಕೆ ಬಿಟ್ಟುಕೊಡುವ ಖಾಸಗಿ ಸಹಭಾಗಿತ್ವದ ಯೋಜನೆ ಬಂತು; 2013ರ ಜನವರಿಯಲ್ಲಿ ಶೆಡ್ಡುಗಳೂ ನೆಲಸಮವಾದವು. ಸ್ವಂತ ಸೂರಿನ ಭರವಸೆ ಹೊತ್ತವರು ಬೀದಿಯಲ್ಲಿ ನಿಂತರು.

ಬೇರೆ ದಾರಿ ಇಲ್ಲವೆಂದಲ್ಲ. ಬಾಲಕೃಷ್ಣ ದೋಶಿ ಅವರು ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಡವರಿಗೆ ನಿವೇಶನ, ಅಡಿಪಾಯ, ನೀರು, ಶೌಚಾಲಯ ಒದಗಿಸಿ, ಮಿಕ್ಕಿದ್ದನ್ನು ಅವರೇ ಕಟ್ಟಿಕೊಳ್ಳಲು ಬಿಟ್ಟರು. ಒಡಿಶಾ 2017ರಲ್ಲಿ ಕಾನೂನು ಮಾಡಿ ಕೊಳೆಗೇರಿ ನಿವಾಸಿಗಳಿಗೆ ನೆಲದ ಹಕ್ಕನ್ನೇ ಕೊಟ್ಟಿತು. ಆ ಹಕ್ಕು ಮಕ್ಕಳಿಗೆ ಬರುತ್ತದೆ, ಅಡವಿಟ್ಟು ಮನೆ ಸಾಲ ತರಬಹುದು, ಮಾರುವಂತಿಲ್ಲ. ಭೂಮಾಫಿಯಾದ ನೆಪ ಹೇಳುವ ನಮ್ಮ ಅಧಿಕಾರಿಗಳು ಆ ಕೊನೆಯ ಷರತ್ತನ್ನು ಓದಬೇಕು.

ರಾಜಕಾಲುವೆಯ ಅಂಚಿನ ಮನೆಗಳನ್ನು ಸ್ಥಳಾಂತರಿಸಲೇಬೇಕು. ಅದೂ ಮಕ್ಕಳ ಶಾಲೆ, ತಾಯಂದಿರ ಮನೆಗೆಲಸ ತಪ್ಪದಷ್ಟು ದೂರದೊಳಗೆ. ಮಿಕ್ಕ ಕೇರಿಗಳಿಗೆ ಮೊದಲು ಹಕ್ಕುಪತ್ರ ಕೊಡಿ, ಒಳಚರಂಡಿ ಹಾಕಿ, ಗಲ್ಲಿಗೆ ಆಂಬುಲೆನ್ಸ್ ಬರುವಷ್ಟು ದಾರಿ ಬಿಡಿಸಿ. ನಮ್ಮ 1973ರ ಕೊಳಚೆ ಪ್ರದೇಶಗಳ ಕಾಯ್ದೆಯ ಹೆಸರಿನಲ್ಲಿಯೂ ಅಭಿವೃದ್ಧಿಯ ಮಾತು ಮೊದಲು ಬರುತ್ತದೆ, ನಿರ್ಮೂಲನೆಯದು ಆಮೇಲೆ.