ಮೊದಲು ಬಾಯಿ ತೆರೆದು ನೋಡಿ

ಒಂದು ಹನಿ ಎಂಜಲು ಸಾಕು, ಬಾಯಿ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿದವರು ವಿಜ್ಞಾನ ಎಷ್ಟು ಮುಂದೆ ಹೋಯಿತೆಂದು ನೆಮ್ಮದಿಪಡುತ್ತಾರೆ. ನನ್ನ ತಕರಾರು ವಿಜ್ಞಾನದ ಮೇಲಲ್ಲ, ಈ ನೆಮ್ಮದಿಯ ಮೇಲೆ.

ಇಂಥ ಪರೀಕ್ಷೆಗಳಲ್ಲಿ ಅನೇಕವು ಹುಡುಕುವುದು ಪ್ರೋಟೀನ್ ಆಗದ ಆರ್‌ಎನ್‌ಎಗಳನ್ನು. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಸೂತ್ರವಿರುವ ಭಾಗ ನೂರಕ್ಕೆ ಎರಡಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹುಪಾಲನ್ನು ಸುಸುಮು ಓನೊ 1972ರಲ್ಲಿ ‘ಕಸ’ ಎಂದರು. ಹೆಸರು ದಶಕಗಟ್ಟಲೆ ಅಂಟಿಕೊಂಡಿತು. ಅದರಲ್ಲಿ ನಿಜವಾದ ಕಸವೂ ಇದ್ದೀತು. ಆದರೆ ನೇದ ಸೀರೆಯಲ್ಲಿ ಲಾಳಿ ಕಾಣುವುದಿಲ್ಲವೆಂದು ಅದನ್ನು ಕಸ ಎನ್ನುವವರು ಕಮತಗಿಯಂಥ ಮಗ್ಗದ ಊರಿನಲ್ಲಿ ಸಿಗಲಾರರು.

ಆ ‘ಕಸ’ದಲ್ಲಿ ಲಾಳಿಗಳಿದ್ದವು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಪುಟ್ಟ ಹುಳುವಿನಲ್ಲಿ ಮೈಕ್ರೋ ಆರ್‌ಎನ್‌ಎ ಕಂಡರು. ಅದಕ್ಕೆ 2024ರಲ್ಲಿ ನೊಬೆಲ್ ಬಂತು. ಇದರ ಉದ್ದ ಸುಮಾರು 22 ಅಕ್ಷರ. ತಾನು ಪ್ರೋಟೀನ್ ಆಗುವುದಿಲ್ಲ, ಬೇರೆ ಜೀನಿನ ಸಂದೇಶಕ್ಕೆ ಅಂಟಿಕೊಂಡು ಅದರ ಪ್ರೋಟೀನನ್ನು ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಅವರ ತಂಡ 2013ರಲ್ಲಿ ತೋರಿಸಿದ್ದು ಇದನ್ನೇ: ಬಾಯಿ ಕ್ಯಾನ್ಸರಿನಲ್ಲಿ ಮೈಕ್ರೋ ಆರ್‌ಎನ್‌ಎ-155 ಎಂಬುದು, ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಸಿಡಿಸಿ-73 ಎಂಬ ಜೀನಿನ ಬಾಯಿ ಮುಚ್ಚಿಸುತ್ತದೆ. ಇದು ಹೆಮ್ಮೆಪಡಬೇಕಾದ ಕೆಲಸ.

ಈಗ ಊರಿಗೆ ಬರೋಣ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಕೊಟ್ಟರು. ಬೆರೆಸುವ ಕೆಲಸ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ಬಂತು, ಅಷ್ಟೇ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ರೊಟ್ಟಿ ಜೊತೆಗಿನ ಕೆಂಪು ಚಟ್ನಿ ತಾಳಲಾರದಷ್ಟು ಉರಿಯತೊಡಗಿದರೆ, ಬಾಯಿ ಪೂರ್ತಿ ತೆರೆಯದಿದ್ದರೆ, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಮಾಯದಿದ್ದರೆ, ಅದು ಎಚ್ಚರಿಕೆ. ಇದನ್ನು ನೋಡಲು ಒಂದು ಟಾರ್ಚ್ ಸಾಕು.

ಟಾರ್ಚ್ ಜೀವ ಉಳಿಸುತ್ತದೆಯೇ? ತಿರುವನಂತಪುರ ಜಿಲ್ಲೆಯಲ್ಲಿ ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 30 ದಾಟಿದವರ ಬಾಯಿ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರವೂ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನವರ ಪೈಕಿ ಇಂಥ ಪರೀಕ್ಷೆ ಒಮ್ಮೆಯಾದರೂ ಆದವರು ನೂರಕ್ಕೆ ಸುಮಾರು ಒಬ್ಬರು.

ಹಾಗಾದರೆ ಆರ್‌ಎನ್‌ಎ ಸಂಶೋಧನೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಬಿಳಿ ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆದೀತು ಎಂದು ಕಣ್ಣು ಹೇಳಲಾರದು, ಮುಂದೊಂದು ದಿನ ಈ ಅಣುಗಳು ಹೇಳಬಹುದು. ಆದರೆ ಆ ಪ್ರಶ್ನೆ ಏಳುವುದು ಯಾರೋ ಒಬ್ಬರು ಮಚ್ಚೆಯನ್ನು ಕಂಡ ಮೇಲೆ. ಕಾಣದ ಮಚ್ಚೆಗೆ ಯಾವ ಅಣುವೂ ಉತ್ತರ ಕೊಡದು. ನೊಬೆಲ್ ಬಂದ ಜ್ಞಾನವನ್ನು ಕಾಯುವ ನೆಪವಾಗಿಸಿಕೊಂಡರೆ ಅದು ಆ ಜ್ಞಾನಕ್ಕೂ ಅವಮಾನ.

ಆಗಬೇಕಾದ್ದು ಇಷ್ಟು. ಆಶಾ ಕಾರ್ಯಕರ್ತೆಯರಿಗೆ ಟಾರ್ಚ್, ತರಬೇತಿ, ಮತ್ತು ಈ ಕೆಲಸಕ್ಕೆ ಪ್ರತ್ಯೇಕ ಕೂಲಿ ಕೊಡಿ. ನೇಕಾರ ಒಂದು ದಿನ ಮಗ್ಗ ಬಿಟ್ಟರೆ ಆ ದಿನದ ದುಡಿಮೆ ಹೋಗುತ್ತದೆ. ಹಾಗಾಗಿ ಪರೀಕ್ಷೆಯೇ ಮಗ್ಗದ ಮನೆಗೆ ಹೋಗಲಿ. ಮಚ್ಚೆ ಕಂಡವರನ್ನು ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುವ ಬಸ್ ಖರ್ಚು ಸರ್ಕಾರದ್ದಾಗಲಿ. ಎರಡು ಚೀಟುಗಳ ಆಟ ನಿಲ್ಲಲಿ. ಇದಕ್ಕೆ ಹೊಸ ಸಂಶೋಧನೆ ಏನೂ ಬೇಕಿಲ್ಲ.