ನಿಘಂಟಿನೊಳಗಿನ ನೆರೆಯವನು

ಕ್ರೈಸ್ತಶ್ರದ್ಧೆಯು ಪ್ರಾರ್ಥನಾಮಂದಿರದ ಹೊಸ್ತಿಲು ದಾಟಿ ದಿನದ ದುಡಿಮೆಗೆ ಇಳಿಯುವುದು ಹೇಗೆ? ಕ್ರೈಸ್ತನಲ್ಲದ, ಬರಿಯ ಕನ್ನಡ ಅಧ್ಯಾಪಕನಾದ ನನಗೆ ಮೇಜಿನ ಮೇಲಿನ ನಿಘಂಟೇ ಇದಕ್ಕೆ ಹತ್ತಿರದ ಉತ್ತರ.

ಹುಲಿಹೈದರದ ವಿದ್ಯಾರ್ಥಿಯೊಬ್ಬನು ಪ್ರಬಂಧದಲ್ಲಿ ‘ಹಗೇವು’ ಎಂದು ಬರೆದಿದ್ದನು. ನಾನು ಮೈಸೂರು ಕಡೆಯವನು. ‘ಹಗೆ’ಯ ಅಪಭ್ರಂಶವೆಂದು ಬಗೆದು ಕೆಂಪು ಶಾಯಿಯಿಂದ ಹೊಡೆದುಹಾಕಿದೆನು. “ನಮ್ಮ ಅಜ್ಜ ಅದರಾಗ ಜೋಳ ತುಂಬತಿದ್ದನ್ರಿ ಸರ” ಎಂದನು ಹುಡುಗ. ಮನೆಗೆ ಬಂದು ಕಿಟ್ಟೆಲರ ಕೋಶವನ್ನು ತೆರೆದರೆ, ನೆಲದೊಳಗಿನ ಆ ಕಣಜ ಅಲ್ಲಿ ಭದ್ರವಾಗಿತ್ತು.

ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ನಾಡಿಗೆ ಬಂದುದು 1853ರಲ್ಲಿ. ಮಂಗಳೂರಿನಲ್ಲಿ ಕೋಶ ಅಚ್ಚಾದುದು 1894ರಲ್ಲಿ. ಬಂದುದು ಮತಪ್ರಚಾರಕ್ಕೇ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಉಪದೇಶಕ್ಕೆ ಸುಮಾರು 70,000 ಶಬ್ದಗಳು ಬೇಕೇ? ಜೈನನಾದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸುವ ಶ್ರಮವಾದರೂ ಏಕೆ? ನೆರೆಯವನನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಕಟ್ಟಳೆಯನ್ನು ಆತ ನೆರೆಯವನ ಮಾತಿಗೆ ಕಿವಿಗೊಟ್ಟು ನಡೆಸಿದನೆಂದೇ ನನ್ನ ಎಣಿಕೆ. ತಾಯ್ನುಡಿಯವನಾದ ನನಗೆ ಆ ತಾಳ್ಮೆ ಒಂದು ಪದದ ಮಟ್ಟಿಗೂ ಇರಲಿಲ್ಲ.

ಮರುದಿನ ಕೆಂಪು ಗೆರೆಯ ಪಕ್ಕದಲ್ಲಿ ‘ಸರಿಯಾಗಿದೆ’ ಎಂದು ಬರೆದು ಪುಸ್ತಕವನ್ನು ಹಿಂದಿರುಗಿಸಿದೆನು. ಹುಡುಗನು ನೋಡಿ, “ಇರಲಿ ಬಿಡ್ರಿ ಸರ” ಎಂದನು.