ಐದು ನಿಮಿಷದ ಆಟೋ, ಐವತ್ತು ರೂಪಾಯಿಯ ಆಸೆ

ಮುದ್ರೆಯಿಲ್ಲದ ತೂಕದ ಕಲ್ಲು ತಕ್ಕಡಿಯಲ್ಲಿ ಸಿಕ್ಕಿದರೆ ಸಂತೆಯ ಚಿಲ್ಲರೆ ವ್ಯಾಪಾರಿಗೆ ದಂಡ ಬೀಳುತ್ತದೆ. ಅಳತೆ ತೂಕದ ಇನ್‌ಸ್ಪೆಕ್ಟರ ಮುಂದೆ ಅವನು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಬೆವರಿನ ಕೂಲಿ ಕೊಟ್ಟು ಕೊಳ್ಳುವವನಿಗೆ ಒಂದು ಗುಂಜಿಯೂ ಕಡಮೆಯಾಗಬಾರದು. ಆದರೆ ಮೊಬೈಲ್ ಫೋನಿನೊಳಗೆ ಅಂಗಡಿ ತೆರೆದಿರುವ ದೊಡ್ಡ ಬಂಡವಾಳಗಾರರಿಗೂ ಇದೇ ತಕ್ಕಡಿ ಇದೆಯೆ? ಇದು ನಮ್ಮ ಪ್ರಶ್ನೆ.

ಕಾಯಿದೆ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಅದರಡಿಯ ಇ-ವಾಣಿಜ್ಯ ನಿಯಮಗಳೂ 2020ರ ಜುಲೈನಲ್ಲಿ ಜಾರಿಗೆ ಬಂದವು. ಗ್ರಾಹಕನ ದೂರು ತಲುಪಿತೆಂದು ಕಂಪೆನಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜಾಹೀರಾತಿನ ಷರತ್ತುಗಳು ಜಾಹೀರಾತಿನ ಭಾಷೆಯಲ್ಲೇ, ಅದರಷ್ಟೇ ದೊಡ್ಡ ಅಕ್ಷರಗಳಲ್ಲಿ ಇರಬೇಕೆಂದು 2022ರ ಜೂನ್ ತಿಂಗಳ ಮಾರ್ಗಸೂಚಿ ಹೇಳುತ್ತದೆ. ಕೇಳದ ವಸ್ತುವನ್ನು ಬುಟ್ಟಿಗೆ ತೂರಿಸುವುದು, ಹಣ ಕೊಡುವ ಗಳಿಗೆಯಲ್ಲಿ ಹೊಸ ಖರ್ಚು ಸೇರಿಸುವುದು, 'ಇನ್ನು ಒಂದೇ ಉಳಿದಿದೆ' ಎಂದು ಸುಳ್ಳು ಅವಸರ ಹುಟ್ಟಿಸುವುದು—ಇಂಥ 13 ಕುತಂತ್ರಗಳನ್ನು 2023ರ ನವೆಂಬರ್‌ನಲ್ಲಿ ಹೆಸರಿಸಿ ನಿಷೇಧಿಸಲಾಯಿತು.

ಇಷ್ಟೆಲ್ಲ ಇದ್ದೂ ಆದದ್ದೇನು? ಬೆಂಗಳೂರಿನ ರಾಪಿಡೊ ಕಂಪೆನಿಯ ಪ್ರಕರಣವನ್ನು ನೋಡೋಣ. 'ಐದು ನಿಮಿಷದಲ್ಲಿ ಆಟೋ, ಇಲ್ಲವಾದರೆ ಐವತ್ತು ರೂಪಾಯಿ' ಎಂದು ಅದು 120ಕ್ಕೂ ಹೆಚ್ಚು ಊರುಗಳಲ್ಲಿ ಸುಮಾರು 548 ದಿನ ಸಾರಿತು. ಐವತ್ತು ರೂಪಾಯಿ ಎಂದದ್ದು 'ಐವತ್ತರವರೆಗೆ' ಎಂದಾಯಿತು. ಅದೂ ನಗದಲ್ಲ; ಏಳು ದಿನದೊಳಗೆ ಅದೇ ಕಂಪೆನಿಯ ಬೈಕ್ ಸವಾರಿಗೆ ಮಾತ್ರ ಸಲ್ಲುವ ನಾಣ್ಯ! ಷರತ್ತುಗಳೋ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಅಡಗಿದ್ದವು. ಇನ್ನೊಂದು ಮಾತನ್ನು ಕೂಲಿಗಾರ ಬಂಧುಗಳು ವಿಶೇಷವಾಗಿ ಗಮನಿಸಬೇಕು: ಈ ಭರವಸೆ ಕೊಡುತ್ತಿರುವವನು ಗಾಡಿ ಓಡಿಸುವವನು, ಕಂಪೆನಿಯಲ್ಲ ಎಂದು ಷರತ್ತಿನಲ್ಲಿ ಬರೆದಿತ್ತು. ಜಾಹೀರಾತಿನ ಕೀರ್ತಿ ಧಣಿಗೆ, ಅದರ ಹೊರೆ ದುಡಿಯುವವನ ಬೆನ್ನಿಗೆ. ಇದು ಗಿರಣಿಯವರಿಗೆ ಹೊಸ ಪಾಠವೇನಲ್ಲ.

2025ರ ಆಗಸ್ಟ್‌ನಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಈ ಜಾಹೀರಾತನ್ನು ನಿಲ್ಲಿಸಿ, ಐವತ್ತು ರೂಪಾಯಿ ಸಿಗದ ಗ್ರಾಹಕರಿಗೆ ಹಣ ಕೊಡಬೇಕೆಂದು ಆಜ್ಞೆ ಮಾಡಿ, 10 ಲಕ್ಷ ರೂಪಾಯಿ ದಂಡ ವಿಧಿಸಿತು. ಪ್ರಾಧಿಕಾರ ತನ್ನ ಕೆಲಸ ಮಾಡಿತು, ಅದನ್ನು ನಾವು ಮೆಚ್ಚುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. 10 ಲಕ್ಷವನ್ನು 548 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 1,825 ರೂಪಾಯಿ. ಊರೂರಿಗೂ ಒಂದೊಂದರಂತೆ ಹಂಚಿದರೆ ದಿನಕ್ಕೆ ಸುಮಾರು ಹದಿನೈದು ರೂಪಾಯಿಯಷ್ಟೇ ಬೀಳುತ್ತದೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಇದಕ್ಕಿಂತ ಹೆಚ್ಚು ಹಾಕಲು ಪ್ರಾಧಿಕಾರಕ್ಕೆ ಅಧಿಕಾರವಿರಲಿಲ್ಲ. ಸುಳ್ಳು ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ—ಪ್ರಾಧಿಕಾರದ ದಂಡಕ್ಕೆ ಕಾಯಿದೆ ಹಾಕಿದ ಮಿತಿ ಇಷ್ಟೇ. ಹೀಗಾದಾಗ ದಂಡವು ಶಿಕ್ಷೆಯಾಗಿ ಉಳಿಯುವುದಿಲ್ಲ, ವ್ಯಾಪಾರದ ಖರ್ಚಿನ ಬಾಬಿಗೆ ಸೇರುತ್ತದೆ.

ದಂಡವನ್ನು ಕಂಪೆನಿಯ ವಹಿವಾಟಿಗೆ ತಕ್ಕಂತೆ ಏರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಇದೇನೂ ಅಸಾಧ್ಯದ ಮಾತಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯಿದೆಯು ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನಲ್ಲಿ ಶೇಕಡಾ 6ರವರೆಗೆ ದಂಡ ಹಾಕುತ್ತದೆ. ಜೊತೆಗೆ, ಕಂಪೆನಿ ಸಾರಿದ ಭರವಸೆಯ ಭಾರವನ್ನು ದುಡಿಯುವವನ ಮೇಲೆ ಹೊರಿಸುವ ಷರತ್ತು ಅಸಿಂಧುವೆಂದು ಶಾಸನವೇ ಸಾರಬೇಕು.

ಶಾಸನ ತಿದ್ದುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 2024ರ ಜೂನ್‌ನಿಂದ 2025ರ ಜುಲೈವರೆಗೆ ಆ ಕಂಪೆನಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1,200ಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಐವತ್ತು ರೂಪಾಯಿ ತಾನೆ ಎಂದು ಅವರೆಲ್ಲ ಸುಮ್ಮನಿದ್ದಿದ್ದರೆ ಸುಳ್ಳು ಇನ್ನೂ ನಡೆಯುತ್ತಿತ್ತು. ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪೆನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ಕಟ್ಟಳೆಯೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು, ಅಷ್ಟೆ.

ಒಬ್ಬನೇ ಹೋದರೆ ಅಲೆದು ಸುಸ್ತಾಗುತ್ತಾನೆ. ಆದ್ದರಿಂದ ಗಿರಣಿ ಕಾರ್ಮಿಕರ ಸಂಘವೂ ವರ್ತಕರ ಸಂಘವೂ ಕೂಡಿ, ವಾರಕ್ಕೊಂದು ಸಂಜೆ ದೂರು ಬರೆದುಕೊಡುವ ಏರ್ಪಾಡು ಮಾಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಫೋನಿನಲ್ಲಿ ಬಂದ ಬಿಲ್ಲನ್ನು ಅಳಿಸದೆ ಇಟ್ಟುಕೊಳ್ಳಿ, ಜಾಹೀರಾತಿನ ಚಿತ್ರವನ್ನು ಹಿಡಿದಿಡಿ. ಸಂತೆಯ ತಕ್ಕಡಿಗೆ ಇರುವ ಮುದ್ರೆ ಫೋನಿನೊಳಗಿನ ತಕ್ಕಡಿಗೂ ಬೀಳಲೇಬೇಕು. ಅದನ್ನು ಹಾಕಿಸುವ ಕೆಲಸ ನಮ್ಮೆಲ್ಲರದು.